ಡೋಸ್ ಲೆಕ್ಕ ಕಂಪ್ಯೂಟರ್‌ಗೆ ಬಿಡಬಹುದಾ?

ಪ್ರಿಯ ಓದುಗರೇ,

ಹೃದಯಕ್ಕೆ ಮೆಕ್ಯಾನಿಕಲ್ ವಾಲ್ವ್ (ಕೃತಕ ಕವಾಟ) ಹಾಕಿಸಿಕೊಂಡ ನಿಮ್ಮ ತಾಯಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿದ್ದಾರೆ. ಈಗ ಡೋಸನ್ನು ಕಂಪ್ಯೂಟರ್ ಹೇಳುತ್ತದೆ, ಡಾಕ್ಟರ್ ನೋಡಿ ಸಹಿ ಹಾಕುತ್ತಾರೆ. "ವರ್ಷಗಟ್ಟಲೆ ಅನುಭವ ಇರುವವರಿಗಿಂತ ಯಂತ್ರ ಹೆಚ್ಚಾ?" ಎಂದು ಕೇಳಿದ್ದೀರಿ.

ಲೆಕ್ಕದ ಮಟ್ಟಿಗೆ ಅದನ್ನು ನಂಬಬಹುದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ ಐಎನ್‌ಆರ್; ವಾರ್ಫರಿನ್ ತಗೊಳ್ಳುವ ಬಹಳ ಮಂದಿಗೆ ಅದು 2ರಿಂದ 3ರ ನಡುವೆ ಇರಬೇಕು. ಮೈಟ್ರಲ್ ಜಾಗದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ) ಮೆಕ್ಯಾನಿಕಲ್ ವಾಲ್ವ್ ಆದರೆ ಸಾಮಾನ್ಯವಾಗಿ 2.5ರಿಂದ 3.5. ಇಳಿದರೆ ರಕ್ತ ಹೆಪ್ಪುಗಟ್ಟುವ ಭಯ, ಏರಿದರೆ ರಕ್ತಸ್ರಾವದ ಭಯ. ಇವತ್ತು ಬದಲಿಸಿದ ಡೋಸಿನ ಪೂರ್ತಿ ಪರಿಣಾಮ ಕಾಣಲು ಹಲವು ದಿನ ಬೇಕು. ಮನುಷ್ಯರು ಎಡವುವುದು ಇಲ್ಲೇ. ಅಂಕಿ ಚೂರು ಏರಿತೆಂದು ಡೋಸ್ ಇಳಿಸುತ್ತಾರೆ, ಮುಂದಿನ ಸಲ ಜಾಸ್ತಿ ಇಳಿಯಿತೆಂದು ಏರಿಸುತ್ತಾರೆ. ಒಳ್ಳೆಯ ಪ್ರೋಗ್ರಾಂ ಹಿಂದಿನ ಫಲಿತಾಂಶಗಳನ್ನೂ ನೋಡುತ್ತದೆ. ಸಣ್ಣ ಏರಿಳಿತಕ್ಕೆ ಡೋಸ್ ಮುಟ್ಟುವುದಿಲ್ಲ.

1998ರ ಒಂದು ಅಧ್ಯಯನದಲ್ಲಿ ಕಂಪ್ಯೂಟರ್ ಡೋಸ್ ಪಡೆದವರ ಐಎನ್‌ಆರ್ ಸುಮಾರು ಶೇ. 63ರಷ್ಟು ಕಾಲ ಮಿತಿಯೊಳಗಿತ್ತು. ಡಾಕ್ಟರುಗಳ ಕಡೆ ಅದು ಶೇ. 53. ಆದರೆ 2008ರಲ್ಲಿ 13 ದೇಶಗಳ 13,000ಕ್ಕೂ ಹೆಚ್ಚು ರೋಗಿಗಳನ್ನು ನೋಡಿದಾಗ ಅಂತರ ತೀರಾ ಚಿಕ್ಕದಾಗಿತ್ತು: ಕಂಪ್ಯೂಟರ್ ಕಡೆ ಶೇ. 65.9, ವೈದ್ಯರ ಕಡೆ ಶೇ. 64.7. ಅಲ್ಲಿ ಡೋಸ್ ಕೊಟ್ಟ ವೈದ್ಯರು ಈ ಕೆಲಸದಲ್ಲಿ ಪಳಗಿದವರು. ರಕ್ತಸ್ರಾವ, ಹೆಪ್ಪುಗಟ್ಟುವಿಕೆಯಂಥ ತೊಂದರೆಗಳೂ ಒಟ್ಟಾರೆ ಗಮನಾರ್ಹವಾಗಿ ತಗ್ಗಲಿಲ್ಲ. ಕಾಲಿನ ರಕ್ತನಾಳ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ್ದವರಲ್ಲಿ ಮಾತ್ರ ತಗ್ಗಿದವು. ಹಾಗಾಗಿ ನುರಿತ ಡಾಕ್ಟರ್ ಸಿಕ್ಕಿದ್ದರೆ ಅವರೂ ಸಾಕು. ಎಲ್ಲರಿಗೂ ಅಂಥವರು ಸಿಗುವುದಿಲ್ಲ, ಅಲ್ವಾ?

ನನಗೆ ಚಿಂತೆ ಇರುವುದು ಬೇರೆ ಕಡೆ. ತಾಯಿ ಎರಡು ದಿನ ಮಾತ್ರೆ ಮರೆತರು ಅನ್ನಿ. ಐಎನ್‌ಆರ್ ಇಳಿಯುತ್ತದೆ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಡೋಸ್ ಸಾಲದೆಂದು ಕಂಪ್ಯೂಟರ್ ಏರಿಸುತ್ತದೆ. ಆಮೇಲೆ ಅವರು ಸರಿಯಾಗಿ ಮಾತ್ರೆ ತಗೊಂಡರೆ ರಕ್ತಸ್ರಾವದ ಅಪಾಯ. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಫ್ಲುಕೋನಜೋಲ್ ಥರದ ಔಷಧಿ ಸೇರಿದಾಗಲೂ ಹೀಗೇ: ಐಎನ್‌ಆರ್ ಜೋರಾಗಿ ಏರಬಹುದು. ಜ್ವರ, ಭೇದಿ, ಊಟ ಸೇರದಿರುವುದು, ಇವೂ ಲೆಕ್ಕ ಕೆಡಿಸುತ್ತವೆ. ಸಹಿ ಹಾಕುವವರು ಇದನ್ನೆಲ್ಲ ಕೇಳಲೇಬೇಕು. ಸುಮ್ನೆ ಸಹಿ ಹಾಕಿ ಕಳಿಸಿದರೆ ನಿಮ್ಮ ಅಸಮಾಧಾನ ನ್ಯಾಯವೇ.

ವಾರ್ಫರಿನ್ ಬದಲು ಕೊಡುವ, ಐಎನ್‌ಆರ್ ಪರೀಕ್ಷೆಯ ಕಾಟವಿಲ್ಲದ ಹೊಸ ಮಾತ್ರೆಗಳ ಬಗ್ಗೆಯೂ ಕೇಳಿದ್ದೀರಿ. ಮೆಕ್ಯಾನಿಕಲ್ ವಾಲ್ವ್ ಇರುವವರಿಗೆ ಅವನ್ನು ಕೊಡುವುದಿಲ್ಲ.

ಮುಂದಿನ ಪರೀಕ್ಷೆಗೆ ಹೋಗುವಾಗ ತಪ್ಪಿದ ಮಾತ್ರೆ, ಹೊಸ ಔಷಧಿ, ಕಾಯಿಲೆ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡೋಸನ್ನು ನೀವಾಗಿಯೇ ಬದಲಿಸಬೇಡಿ. ಮಲ ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ಪರೀಕ್ಷೆಯ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

— ಸಂಪಾದಕ