ಬುಗುರಿ ಕೊಡಿ, ಆದರೆ ಮಗುವಿನ ಅಮ್ಮನನ್ನು ಕೇಳಿ ಕೊಡಿ

ಮಂಡ್ಯದ ಗುತ್ತಲಿನಿಂದ ಓದುಗರೊಬ್ಬರು ಬರೆದಿದ್ದಾರೆ: “ಬರುವ ಏಪ್ರಿಲ್‌ಗೆ ನನ್ನ ಮಗಳಿಗೆ ಎಂಟು ತುಂಬುತ್ತದೆ. ಛತ್ರ ಹಿಡಿದು ಕೇಕು ಕತ್ತರಿಸುವುದು ಬೇಡವೆಂದು ಮನೆಯವರೆಲ್ಲ ವ್ಯಾನು ಮಾಡಿಕೊಂಡು ಮೈಸೂರಿನ ವಾಟರ್ ಪಾರ್ಕಿಗೆ, ಸಂಜೆ ಬೃಂದಾವನಕ್ಕೆ ಹೋಗುವವರಿದ್ದೇವೆ. ಅಮೆರಿಕದಲ್ಲಿರುವ ನನ್ನ ತಂಗಿ, ಅಲ್ಲಿನ ಡಿಸ್ನಿ ಪಾರ್ಕಿನಲ್ಲಿ ಗುರುತು ಪರಿಚಯ ಇಲ್ಲದವರು ಮಕ್ಕಳ ಕೈಗೆ ಸಣ್ಣಪುಟ್ಟ ಉಡುಗೊರೆ ಕೊಟ್ಟು ಹೋಗುತ್ತಾರೆ ಎಂದಳು. ಅಂದಿನಿಂದ ಮಗಳು 30 ಮಕ್ಕಳಿಗೆ ಏನಾದರೂ ಕೊಡಲೇಬೇಕು ಎಂದು ಹಟ ಹಿಡಿದಿದ್ದಾಳೆ. 1,500 ರೂಪಾಯಿ ಎತ್ತಿಟ್ಟಿದ್ದೇನೆ. ಯಜಮಾನರು ‘ಮಕ್ಕಳ ಕಳ್ಳರು ಅಂದ್ಕೊಂಡಾರು, ಸುಮ್ನಿರು’ ಅನ್ನುತ್ತಾರೆ. ಏನು ಕೊಡಲಿ, ಹೇಗೆ ಕೊಡಲಿ?”

ಸಹೋದರಿ, ನಿಮ್ಮ ಯಜಮಾನರ ಮಾತನ್ನು ತಳ್ಳಿಹಾಕಬೇಡಿ. ಮಗಳ ಆಸೆಯನ್ನೂ ಕೈಬಿಡಬೇಡಿ. ಎರಡಕ್ಕೂ ದಾರಿ ಒಂದೇ: ಕದ್ದುಮುಚ್ಚಿ ಇಡದೆ, ಎದುರಿಗೆ ನಿಂತು, ದೊಡ್ಡವರನ್ನು ಕೇಳಿ ಕೊಡುವುದು.

ಯಜಮಾನರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಕಾರಿನಲ್ಲಿ ಬಂದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ಮೊಬೈಲಿನಲ್ಲಿ ಸುಳ್ಳು ಸುದ್ದಿ ಹಬ್ಬಿ, ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಒಬ್ಬರ ಪ್ರಾಣವೇ ಹೋಯಿತು. ಹಗಲು ಹೊತ್ತು ಟಿಕೆಟ್ ಪಡೆದು ಒಳಗೆ ಬಂದ ಸಂಸಾರಗಳ ನಡುವೆ ಅಂಥದ್ದು ನಡೆಯುವುದು ದೂರದ ಮಾತು. ಆದರೂ ಅಪರಿಚಿತರು ತನ್ನ ಮಗುವನ್ನು ಮಾತಾಡಿಸಿದ ಕೂಡಲೇ ತಾಯಿಯ ಎದೆ ಒಂದು ಕ್ಷಣ ಝಲ್ ಎನ್ನುತ್ತದಲ್ಲ, ಆ ಕ್ಷಣ ಬರದ ಹಾಗೆ ನೋಡಿಕೊಳ್ಳುವುದೇ ಈ ಕೆಲಸದ ಮೊದಲ ನಿಯಮ.

ನಿಮ್ಮ ತಂಗಿ ಹೇಳಿದ್ದು ನಿಜ. ಫ್ಲಾರಿಡಾದ ಒರ್ಲಾಂಡೊ ಬಳಿ 1971ರಲ್ಲಿ ತೆರೆದ ಡಿಸ್ನಿ ವರ್ಲ್ಡ್‌ಗೆ ಮತ್ತೆ ಮತ್ತೆ ಹೋಗುವವರಲ್ಲಿ ಈ ರೂಢಿ ಬೆಳೆದಿದೆ. ಅವರು ಇದನ್ನು ‘ಪಿಕ್ಸಿ ಡಸ್ಟ್’ ಎನ್ನುತ್ತಾರೆ, ಕಿನ್ನರಿಯ ಪುಡಿ ಎಂದಿಟ್ಟುಕೊಳ್ಳಿ. ಸಾಲಿನಲ್ಲಿ ಬೇಸತ್ತ ಮಗುವಿಗೆ ಸ್ಟಿಕರ್, ಕತ್ತಲಾದ ಮೇಲೆ ಹೊಳೆಯುವ ಕಡ್ಡಿ, ಮಣಿಯ ಕೈಬಳೆ, ಹೀಗೆ. ಅದೇ ಕಂಪನಿಯ ಹಡಗುಗಳಲ್ಲಿ ಕೋಣೆಯ ಬಾಗಿಲ ಪಕ್ಕದ ಮೀನಿನಾಕಾರದ ಕೊಕ್ಕೆಗೆ ಬಟ್ಟೆ ಚೀಲ ನೇತುಹಾಕಿ, ಮೊದಲೇ ಮಾತಾಡಿಕೊಂಡ ಪ್ರಯಾಣಿಕರು ಒಬ್ಬರ ಚೀಲಕ್ಕೆ ಇನ್ನೊಬ್ಬರು ಉಡುಗೊರೆ ಹಾಕುವುದೂ ಇದೆ.

ಆ ರೂಢಿಯಲ್ಲಿ ನಮಗೆ ಒಗ್ಗದ ಒಂದು ಭಾಗವೆಂದರೆ ಬೆಂಚಿನ ಮೇಲೋ ಗಿಡದ ಬುಡದಲ್ಲೋ ವಸ್ತುವನ್ನು ಇಟ್ಟುಹೋಗಿ ಯಾರೋ ಕಂಡುಕೊಳ್ಳಲಿ ಎನ್ನುವುದು. ‘ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ’ ಎಂದು ನಮ್ಮ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ದಿನವೂ ಕೂಗಿ ಹೇಳುತ್ತಾರೆ. ಬೃಂದಾವನವಂತೂ ಅಣೆಕಟ್ಟೆಯ ಬುಡದಲ್ಲಿದೆ. ಅಲ್ಲಿ ಕಟ್ಟಿದ ಪೊಟ್ಟಣವೊಂದು ಒಂಟಿಯಾಗಿ ಬಿದ್ದಿದ್ದರೆ ಕಾವಲಿನವರಿಗೆ ತಲೆನೋವು, ಕಂಡ ಮಗುವಿಗೆ ಬೈಗುಳ. ಇಟ್ಟುಹೋಗುವುದು ಬೇಡವೇ ಬೇಡ.

ಈಗ ಏನು ಕೊಡುವುದು. ಮೊದಲು ಬೇಡದ್ದನ್ನು ಹೇಳಿಬಿಡುತ್ತೇವೆ, ಏಕೆಂದರೆ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅವೇ. ತಿನ್ನುವುದು ಯಾವುದೂ ಬೇಡ: ಇಂಥ ಪಾರ್ಕುಗಳು ಸಾಮಾನ್ಯವಾಗಿ ಹೊರಗಿನ ತಿಂಡಿ ಬಿಡುವುದಿಲ್ಲ, ಏಪ್ರಿಲ್ ಬಿಸಿಲಿಗೆ ಚಾಕೊಲೇಟು ಕರಗುತ್ತದೆ, ಕಡಲೆಕಾಯಿ ಎಳ್ಳು ಒಗ್ಗದ ಮಕ್ಕಳಿರುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ‘ಗುರುತಿಲ್ಲದವರು ಕೊಟ್ಟಿದ್ದನ್ನ ತಿನ್ನಬೇಡ’ ಎಂದು ಪ್ರತಿ ಮನೆಯಲ್ಲೂ ಹೇಳಿಕೊಟ್ಟ ಪಾಠವನ್ನು ನಾವು ಕೆಡಿಸಬಾರದು. ಬಲೂನು ಬೇಡ, ಒಡೆದ ರಬ್ಬರಿನ ಚೂರು ಚಿಕ್ಕ ಮಕ್ಕಳ ಗಂಟಲಿಗೆ ಅಂಟಿಕೊಳ್ಳುತ್ತದೆ. ಸೋಪಿನ ಗುಳ್ಳೆಯ ಡಬ್ಬಿ ನೋಡಲು ಚೆಂದ, ಆದರೆ ಚೆಲ್ಲಿದರೆ ಒದ್ದೆ ನೆಲ ಇನ್ನಷ್ಟು ಜಾರುತ್ತದೆ. ಹೊಳೆಯುವ ಕಡ್ಡಿಯ ಒಳಗೆ ಗಾಜಿನ ಸಣ್ಣ ನಳಿಗೆ ಇರುತ್ತದೆ. ಬಗ್ಗಿಸಿದಾಗ ಅದು ಒಡೆದು ಎರಡು ರಾಸಾಯನಿಕ ಬೆರೆತು ಬೆಳಕಾಗುವುದು. ಮಗು ಕಚ್ಚಿ ಸೋರಿದರೆ ಬಾಯಿ, ಕಣ್ಣು ಉರಿ. ಗುಂಡಿ ಬ್ಯಾಟರಿ ಹಾಕಿದ ಮಿಣುಕು ಉಂಗುರ ಅದಕ್ಕಿಂತ ಅಪಾಯ: ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡತೊಡಗುತ್ತದೆ. ಮಣಿಸರದ ದಾರ ಕಿತ್ತರೆ ಮಣಿಗಳೆಲ್ಲ ಕೊಳದ ಪಾಲು.

ನಮ್ಮ ಆಯ್ಕೆ ಚನ್ನಪಟ್ಟಣದ ಬುಗುರಿ, ಬೆರಳಲ್ಲಿ ತಿರುಗಿಸುವಂಥದ್ದು. ಮೊಳೆ, ಚಾಟಿ ಇರುವ ದೊಡ್ಡ ಬುಗುರಿಯಲ್ಲ. ಹಾಲೆ ಮರ, ಅರಗಿನ ಬಣ್ಣ. ಮಂಡ್ಯದವರಿಗೆ ದೂರವೂ ಅಲ್ಲ, ಆದರೆ ಹೊಸ ಹೆದ್ದಾರಿ ಊರನ್ನು ಬಳಸಿ ಹೋಗುವುದರಿಂದ ಹಳೇ ರಸ್ತೆಗೆ ಇಳಿಯಬೇಕು. ಅಂಗಡಿಯಲ್ಲಿ ಕೈಗೆತ್ತಿಕೊಂಡು ಉಗುರಿನಿಂದ ಗೀರಿ ನೋಡಿ. ಬಣ್ಣ ಸಿಪ್ಪೆಯಂತೆ ಏಳುತ್ತಿದ್ದರೆ ಅದು ಮೇಲೆ ಬಳಿದ ಪೇಂಟು. ಕಡೆಯುವಾಗಲೇ ಅರಗನ್ನು ಒತ್ತಿ ಹಿಡಿದು ಕೂಡಿಸಿದ್ದು ಹಾಗೆ ಏಳುವುದಿಲ್ಲ. ಬುಗುರಿಯ ಹೊಟ್ಟೆಯ ಅಗಲ 35 ಮಿ.ಮೀ.ಗೆ ಕಡಿಮೆ ಬೇಡ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಒಳ ಅಗಲ 31.7 ಮಿ.ಮೀ.; ಅದರೊಳಗೆ ಪೂರ್ತಿ ಇಳಿಯುವಷ್ಟು ಸಣ್ಣದಾದದ್ದು ಗಂಟಲಿಗೂ ಇಳಿದೀತು ಎಂಬುದು ಲೆಕ್ಕ. ನೀವು ಐದು ದಾಟಿದ ಮಕ್ಕಳಿಗೇ ಕೊಟ್ಟರೂ, ಮನೆಯಲ್ಲಿ ಅದರ ತಮ್ಮನೋ ತಂಗಿಯೋ ಇರುತ್ತದಲ್ಲ. ಇನ್ನೊಂದು ವಿಷಯ: ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಕೈಗೆ ಹಾಕಿಕೊಳ್ಳುವ ಸ್ಯಾನಿಟೈಸರ್‌ನಿಂದ ಒರೆಸಿದರೆ ಬಣ್ಣ ಬಿಟ್ಟು ಕೈಯೆಲ್ಲ ಕೆಂಪಾದೀತು. ‘ಒಣ ಬಟ್ಟೆಯಲ್ಲಿ ಒರೆಸಿ’ ಎಂದು ಚೀಟಿಯಲ್ಲಿ ಬರೆದುಬಿಡಿ. ಬುಗುರಿಯ ಬದಲು ಬೇರೆ ಆಟಿಕೆ ಕೊಳ್ಳುವಿರಾದರೆ ಐಎಸ್‌ಐ ಗುರುತು ನೋಡಿ; 2021ರ ಜನವರಿಯಿಂದ ಅದು ಕಡ್ಡಾಯ.

ಬುಗುರಿ ದುಬಾರಿ ಎನಿಸಿದರೆ ಮಗಳೇ ಹೆಣೆಯಬಹುದಾದ ನೂಲಿನ ಕೈಪಟ್ಟಿ ಇದೆ. ಮೂರು ಬಣ್ಣದ ದಪ್ಪ ಹತ್ತಿ ನೂಲು, ಒಂದೊಂದೂ 40 ಸೆಂ.ಮೀ. ಒಂದು ತುದಿಯಲ್ಲಿ 8 ಸೆಂ.ಮೀ. ಬಿಟ್ಟು ಗಂಟು ಹಾಕಿ ಜಡೆ ಹೆಣೆಯಿರಿ. ಹೆಣೆಯುವಾಗ ನೂಲು ಕಾಲುಭಾಗದಷ್ಟು ಕುಗ್ಗುತ್ತದೆ, 15 ಸೆಂ.ಮೀ. ಜಡೆಯಾದಾಗ ನಿಲ್ಲಿಸಿ ಮತ್ತೆ ಗಂಟು ಹಾಕಿದರೆ ಕಟ್ಟಲು ಎರಡೂ ಕಡೆ ಬಾಲ ಉಳಿಯುತ್ತದೆ. ಹೆಣೆಯುವ ಮೊದಲು ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ನೂಲು ಬೇಡ, ಇನ್ನೊಬ್ಬರ ಮಗುವಿನ ಹೊಸ ಬಟ್ಟೆ ಹಾಳಾದೀತು. ಜಾರುಬಂಡೆಗಳಲ್ಲಿ ಕೈಗೆ ಏನೂ ಕಟ್ಟಿರಬಾರದು, ಆದ್ದರಿಂದ ಇದನ್ನು ನೀರಾಟ ಮುಗಿದ ಮೇಲೆ ಮಾತ್ರ ಕೊಡಿ.

ಹೂವಿನ ಬೀಜದ ಪೊಟ್ಟಣ ಕೊಡುವವರೂ ಇದ್ದಾರೆ. ಒಳ್ಳೆಯ ಯೋಚನೆಯೇ, ಆದರೆ ಮನೆಯಲ್ಲಿ ಒಣಗಿಸಿದ ಚೆಂಡುಹೂವಿನ ಬೀಜವಾದರೆ ಮಾತ್ರ. ಅಂಗಡಿಯ ಬೀಜಕ್ಕೆ ಗುಲಾಬಿ, ನೀಲಿ ಬಣ್ಣ ಕಂಡರೆ ಅದು ಬೂಷ್ಟು ಹಿಡಿಯದಂತೆ ಲೇಪಿಸಿದ ಔಷಧಿ. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು.

ಕಟ್ಟುವುದು ಸರಳವಾಗಿರಲಿ. ಬಣ್ಣದ ಕಾಗದ ಸುತ್ತಿ ಅಂಟಿಸಿದರೆ ಗೇಟಿನಲ್ಲಿ ಬಿಚ್ಚಿಸುತ್ತಾರೆ, ತಾಯಂದಿರಿಗೂ ಒಳಗೇನಿದೆಯೋ ಎಂಬ ಅನುಮಾನ. ಬುಗುರಿಯ ಕಡ್ಡಿಗೆ ದಾರದಿಂದ ಒಂದು ಚೀಟಿ ಕಟ್ಟಿದರೆ ಸಾಕು. ಎ4 ದಪ್ಪ ಹಾಳೆಯಿಂದ 7 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ 15 ಚೀಟಿಗಳಾಗುತ್ತವೆ. ಬಾಲ್‌ಪೆನ್ನಿನಿಂದ ಬರೆಯಿಸಿ, ಜೆಲ್ ಪೆನ್ನಿನ ಅಕ್ಷರ ಒದ್ದೆ ಕೈ ತಗುಲಿದರೆ ಹರಡುತ್ತದೆ. ‘ಇವತ್ತು ನನ್ನ ಹುಟ್ಟುಹಬ್ಬ. ಇದು ನಿನಗೆ. 5 ವರ್ಷ ದಾಟಿದವರಿಗೆ.’ ಇಷ್ಟೇ. ಮಗಳ ಹೆಸರು, ಶಾಲೆ, ನಿಮ್ಮ ಮೊಬೈಲ್ ಸಂಖ್ಯೆ ಯಾವುದೂ ಅದರಲ್ಲಿ ಬೇಡ.

ಹುಟ್ಟುಹಬ್ಬ ಎಂಬ ಒಂದು ಮಾತು ನಿಮ್ಮ ಅರ್ಧ ಕೆಲಸ ಮಾಡಿಕೊಡುತ್ತದೆ. ಸಂಕ್ರಾಂತಿಗೆ ಎಳ್ಳು ಬೀರುವ, ದಸರಾದಲ್ಲಿ ಗೊಂಬೆ ನೋಡಲು ಬಂದ ಮಕ್ಕಳಿಗೆ ಬಾಗಿನ ಕೊಡುವ ಸೀಮೆ ನಮ್ಮದು. ಕೊಡುವುದಕ್ಕೆ ಒಂದು ನೆಪ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ನೆಪವಿಲ್ಲದೆ ಕೊಟ್ಟರೆ ‘ಯಾಕೆ?’ ಎಂಬ ಪ್ರಶ್ನೆ, ಆಮೇಲೆ ‘ನಾವೂ ಏನಾದ್ರೂ ಕೊಡ್ಬೇಕಲ್ಲ’ ಎಂಬ ಇರುಸುಮುರುಸು. ಕೊಡುಗೆ 30-40 ರೂಪಾಯಿ ದಾಟಬಾರದು ಎನ್ನುವುದೂ ಇದಕ್ಕೇ, ಋಣ ಎನಿಸುವಷ್ಟು ಭಾರ ಅದಕ್ಕಿರಬಾರದು.

ಕೊಡುವಾಗ ಮಗಳ ಜೊತೆ ನೀವು ಇರಬೇಕು, ಗಂಡಸರು ಒಬ್ಬರೇ ಹೋಗುವುದು ಬೇಡ. ಮೊದಲ ಮಾತು ಮಗುವಿನ ಜೊತೆ ಅಲ್ಲ, ಅದರ ಅಮ್ಮನ ಜೊತೆ: “ಅಕ್ಕ, ಇವತ್ತು ನಮ್ ಮಗಳ ಹುಟ್ಟಿದಬ್ಬ. ನಿಮ್ ಮಗೀಗೊಂದು ಬುಗುರಿ ಕೊಡ್ತಾಳಂತೆ, ಕೊಡ್ಬೋದಾ?” ಹೂಂ ಎಂದರೆ ಮಗಳು ಅಮ್ಮನ ಕೈಗೇ ಕೊಡಲಿ. “ಬ್ಯಾಡ ಕಣಕ್ಕ” ಎಂದರೆ “ಆಯ್ತು ಬಿಡಿ” ಎಂದು ನಕ್ಕು ಮುಂದೆ ನಡೆಯಿರಿ. ಊಟದ ಎಲೆಯ ಮುಂದೆ ಮೂರು ಸಲ ಬಲವಂತ ಮಾಡುವುದು ನಮ್ಮಲ್ಲಿ ಮರ್ಯಾದೆ. ಇಲ್ಲಿ ಎರಡನೆಯ ಸಲ ಕೇಳಿದರೂ ಭಯ. ಬೇಡ ಎಂದವರ ಮೇಲೆ ಬೇಜಾರಾಗಬಾರದೆಂದು ಮಗಳಿಗೆ ಮನೆಯಲ್ಲೇ ಹೇಳಿ ಒಪ್ಪಿಸಿ, ಬೇಕಿದ್ದರೆ ಅಜ್ಜಿಯನ್ನು ಎದುರಿಗೆ ಕೂರಿಸಿ ಒಮ್ಮೆ ಆಡಿಸಿ ನೋಡಿ. ಫೋಟೊ, ರೀಲ್ಸ್ ಏನೂ ಬೇಡ. ಮೊಬೈಲು ಎತ್ತಿದ ಕ್ಷಣವೇ ಅವರ ಮಗು ನಿಮ್ಮ ಪ್ರಚಾರದ ಸಾಮಾನಾಗಿಬಿಡುತ್ತದೆ.

ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ಗೇಟಿನಲ್ಲಿ ಎಲ್ಲರಿಗೂ ಒಳಗೆ ಓಡುವ ಆತುರ. ನೀರಿನಲ್ಲಿರುವವರಿಗೆ ಜೇಬೇ ಇಲ್ಲ. ಊಟದ ಮೇಜಿನ ಹೊತ್ತು ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಸಂಜೆ, ಮಕ್ಕಳು ಸುಸ್ತಾಗಿ ರಚ್ಚೆ ಹಿಡಿಯುವ ಹೊತ್ತು. ಬೃಂದಾವನದಲ್ಲಿ ಸಂಗೀತ ಕಾರಂಜಿಗೆ ಕಾದು ಕುಳಿತವರ ನಡುವೆ ಒಂದು ಬುಗುರಿ ಕಾಲು ಗಂಟೆ ಕಳೆಯುತ್ತದೆ. ಆದರೆ ಅತ್ತ ದಾಟುವ ಸೇತುವೆಯ ಮೇಲೆ ನಿಂತು ಹಂಚಬೇಡಿ, ನೂಕುನುಗ್ಗಲಾಗುತ್ತದೆ.

30 ಎಂದು ಲೆಕ್ಕ ಹಾಕಿದ್ದೀರಿ. ನಮ್ಮ ಸಲಹೆ 20 ಕೊಡುವುದು, 25 ಒಯ್ಯುವುದು. ಹೆಚ್ಚಿನ ಐದು ಯಾಕೆಂದರೆ, ಅಕ್ಕನಿಗೆ ಕೊಟ್ಟ ಮೇಲೆ ಹಿಂದಿನಿಂದ ತಮ್ಮ ಓಡಿಬರುತ್ತಾನೆ. ಎರಡು ಮೂರು ಮಕ್ಕಳ ಸಂಸಾರಗಳನ್ನೇ ಆರಿಸಿಕೊಳ್ಳಿ. ಶಾಲೆಯ ಪ್ರವಾಸದ ಗುಂಪು ಕಂಡರೆ ಚೀಲ ತೆಗೆಯಲೇಬೇಡಿ. ಒಬ್ಬನಿಗೆ ಕೊಟ್ಟರೆ ಅರವತ್ತು ಕೈ ಚಾಚುತ್ತವೆ, ಸಿಗದ ಐವತ್ತು ಮಕ್ಕಳ ಮುಖ ನಿಮ್ಮ ಮಗಳು ನೋಡಬೇಕಾಗುತ್ತದೆ. ಬಡವರಂತೆ ಕಂಡವರನ್ನು ಹುಡುಕಿ ಕೊಡುವುದೂ ಬೇಡ. ಅದು ದಾನವಾಗುತ್ತದೆ, ಪಡೆದವರಿಗೆ ಅದು ಗೊತ್ತೂ ಆಗುತ್ತದೆ.

25 ಬುಗುರಿಗೆ ಸಾವಿರ ಹಿಡಿಯಿರಿ. ಉಳಿದ 500ರಲ್ಲಿ ಒಂದು ‘ಹೊತ್ತಿಗಾಗುವ ಚೀಲ’ ಕಟ್ಟಿ, ಎಂದು ಒತ್ತಿ ಹೇಳುತ್ತೇವೆ. ಬುಗುರಿ ಇಲ್ಲದಿದ್ದರೂ ಯಾರೂ ಕೊರಗುವುದಿಲ್ಲ. ವಾಟರ್ ಪಾರ್ಕಿನಲ್ಲಿ ಹಠಾತ್ತನೆ ಮುಟ್ಟಾದ ಹುಡುಗಿಗೆ ಒಂದು ಪ್ಯಾಡ್ ಸಿಗದಿದ್ದರೆ ಇಡೀ ದಿನ ಹಾಳು. ನಾಲ್ಕು ಪ್ಯಾಡು, ಹತ್ತು ಪಿನ್ನು, ಹತ್ತು ಕೂದಲ ರಬ್ಬರು, ನೀರಿಗೆ ಬಿಡದ ಬ್ಯಾಂಡೇಡು ಹತ್ತು, ಒಗೆದ ಒಂದು ಟವೆಲು, ಹತ್ತು ರೂಪಾಯಿಯ ಕೆಲವು ನೋಟು, ಮೂರು ಓಆರ್‌ಎಸ್ ಪೊಟ್ಟಣ. ಓಆರ್‌ಎಸ್‌ನಲ್ಲಿ ಒಂದು ಲೀಟರಿನದು, 200 ಮಿ.ಲೀ.ನದು ಎರಡೂ ಸಿಗುತ್ತವೆ. ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕು, ಆದ್ದರಿಂದ ಓದಿ, ಅಳೆದು ಬೆರೆಸಿ. ಕೊಡುವುದಾದರೆ ಪೊಟ್ಟಣ ಒಡೆಯದೆ ಅವರ ಕೈಗೇ ಕೊಡಿ. ಬೇರೆಯವರ ಮಗುವಿಗೆ ಜ್ವರದ ಮಾತ್ರೆ, ಸಿರಪ್ಪು ಕೊಡಬೇಡಿ.

ದುಡ್ಡು ಬೇಡದ ಕೆಲಸಗಳೂ ಇವೆ. ಸಂಸಾರದ ಫೋಟೊದಲ್ಲಿ ಯಾವಾಗಲೂ ಒಬ್ಬರು ಇರುವುದಿಲ್ಲ, ತೆಗೆಯುವವರು. ಅವರ ಮೊಬೈಲಿನಲ್ಲೇ ಮೂರು ತೆಗೆದುಕೊಡಿ, ಅವರು ನೋಡಿ ಸರಿ ಎಂದ ಮೇಲೆ ಸರಿಯಿರಿ. ಸಾಲಿನಲ್ಲಿ ಬಸುರಿಗೋ ವಯಸ್ಸಾದವರಿಗೋ ಜಾಗ ಬಿಡುವುದಾದರೆ ನಿಮ್ಮ ಜಾಗ ಅವರಿಗೆ ಕೊಟ್ಟು ನೀವು ಹಿಂದಕ್ಕೆ ಹೋಗಿ. ನಿಮ್ಮ ಮುಂದೆ ಅವರನ್ನು ಸೇರಿಸಿಕೊಂಡರೆ ಹಿಂದಿನ ಐವತ್ತು ಜನರ ಹೊತ್ತನ್ನು ನೀವು ದಾನ ಮಾಡಿದಂತೆ. ತಪ್ಪಿಸಿಕೊಂಡ ಮಗು ಸಿಕ್ಕರೆ ಎತ್ತಿಕೊಂಡು ಹುಡುಕುತ್ತಾ ಅಲೆಯಬೇಡಿ. ಸಿಕ್ಕ ಜಾಗದಲ್ಲೇ ನಿಂತು ಸಿಬ್ಬಂದಿಯನ್ನು ಕರೆಸಿ, ಏಕೆಂದರೆ ತಾಯಿ ಮೊದಲು ಓಡಿಬರುವುದು ಅಲ್ಲಿಗೇ.

ಅಲ್ಲಿ ದುಡಿಯುವವರನ್ನು ಮರೆಯದಿರಿ. ಆದರೆ ಕೊಳದ ದಂಡೆಯ ಜೀವರಕ್ಷಕರಿಗೆ ಕೆಲಸದ ಹೊತ್ತಿನಲ್ಲಿ ಏನನ್ನೂ ಕೊಡಲು ಹೋಗಬೇಡಿ. ಅವರ ಕಣ್ಣು ನೀರಿನಿಂದ ಹತ್ತು ಸೆಕೆಂಡು ಸರಿದರೂ ಹೆಚ್ಚು. ಹೊರಡುವಾಗ ಕಚೇರಿಯಲ್ಲಿ ಅಭಿಪ್ರಾಯದ ಪುಸ್ತಕ ಕೇಳಿ. ‘ಸಿಬ್ಬಂದಿ ಚೆನ್ನಾಗಿದ್ದಾರೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ದಿನ, ಹೊತ್ತು, ಜಾಗ, ಎದೆಯ ಪಟ್ಟಿಯಲ್ಲಿದ್ದ ಹೆಸರು, ಅವರು ಮಾಡಿದ ಕೆಲಸ, ಇಷ್ಟನ್ನು ಬರೆದರೆ ಮೇಲಿನವರು ಗುರುತಿಸಲು ದಾರಿಯಾಗುತ್ತದೆ. ಹೆಂಗಸರ ಶೌಚಾಲಯ ತೊಳೆಯುವವರ ಹೆಸರು ಆ ಪುಸ್ತಕಕ್ಕೆ ಬರುವುದೇ ಅಪರೂಪ. ಕೇಳಿ ತಿಳಿದುಕೊಂಡು ಬರೆಯಿರಿ.

ಮುಂದಿನ ವರ್ಷಕ್ಕೆ ಮಗಳು ಮೃಗಾಲಯ ಎಂದರೆ ಬುಗುರಿಯೂ ಬೇಡ. 1892ರಿಂದ ಇರುವ ಮೈಸೂರು ಮೃಗಾಲಯದಲ್ಲಿ ಪ್ರಾಣಿ ದತ್ತು ಪಡೆಯುವ ಯೋಜನೆ ಇದೆ. ಚಿಕ್ಕ ಹಕ್ಕಿಯಿಂದ ಆನೆಯವರೆಗೆ ಬೇರೆ ಬೇರೆ ಮೊತ್ತ. ಒಂದು ಹಕ್ಕಿಯನ್ನು ಅವಳ ಹೆಸರಿನಲ್ಲಿ ಪಡೆಯಬಹುದು. ಮಂಗಳವಾರ ರಜೆ.

ಕೊನೆಗೆ ಬುಗುರಿ ಉಳಿದರೆ ಮೊದಲನೆಯದು ವ್ಯಾನಿನ ಡ್ರೈವರಣ್ಣನ ಮಕ್ಕಳಿಗೆ. ಮನೆಯಲ್ಲಿ ಎಷ್ಟು ಮಕ್ಕಳು, ವಯಸ್ಸೆಷ್ಟು ಎಂದು ಬೆಳಿಗ್ಗೆ ಹೊರಡುವಾಗಲೇ ಕೇಳಿಟ್ಟುಕೊಳ್ಳಿ, ಅಷ್ಟನ್ನು ಬೇರೆ ಕವರಿನಲ್ಲಿ ತೆಗೆದಿಡಿ.