ವಾಚ್ ದಸರಾಕ್ಕೆ ತಗೊಳ್ಳಿ, ಬಿಪಿ ಮಷೀನ್ ಈ ವಾರವೇ ತನ್ನಿ

ನಮಸ್ಕಾರ. ಮಂಡ್ಯದಿಂದ ಕೇಳಿದ್ದೀರಿ. ಹಳೆಯ ಫಿಟ್‌ನೆಸ್ ಬ್ಯಾಂಡ್ ಕೆಟ್ಟು ಹೋಗಿದೆ, ಫೋನ್ ಆಂಡ್ರಾಯ್ಡ್, ಹನ್ನೆರಡು ಸಾವಿರದವರೆಗೆ ಹಾಕಬಹುದು, ಬೆಳಗ್ಗೆ ನಾಲೆ ಏರಿ ಮೇಲೆ ವಾಕಿಂಗ್ ಹೋಗುತ್ತೀರಿ. ಸ್ಮಾರ್ಟ್‌ವಾಚ್ ಈಗಲೇ ತಗೊಳ್ಳಲಾ, ದಸರಾ ಸೇಲ್‌ವರೆಗೆ ಕಾಯಲಾ ಅನ್ನುವುದು ನಿಮ್ಮ ಪ್ರಶ್ನೆ. ಕೊನೆಯಲ್ಲಿ ಇನ್ನೊಂದು ಸಾಲು ಬರೆದಿದ್ದೀರಿ: ‘ಅಪ್ಪನಿಗೆ ಬಿಪಿ ಇದೆ, ಅವರಿಗೂ ಎರಡು ಸಾವಿರದೊಳಗೆ ಬಿಪಿ ತೋರಿಸುವ ವಾಚ್ ಇದ್ದರೆ ಹೇಳಿ.’

ನಾನು ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಾನೂ ಅದೇ ಕೆಲಸ ಮಾಡಿದ್ದೆ.

ನಾನು ಮೈಸೂರಿನವಳು, ಕೆಲಸ ನಿಮ್ಮ ಊರಲ್ಲಿ. ದಿನಾ ಟ್ರೈನಲ್ಲಿ ಓಡಾಟ. ನಾಲ್ಕು ವರ್ಷದ ಹಿಂದೆ ಅಪ್ಪನ ಹುಟ್ಟುಹಬ್ಬಕ್ಕೆ ಆನ್‌ಲೈನಲ್ಲಿ 1,799 ರೂಪಾಯಿಯ ವಾಚ್ ತರಿಸಿ ಕೊಟ್ಟೆ. ಡಬ್ಬದ ಮೇಲೆ ಹೃದಯ, ಬಿಪಿ, ಆಕ್ಸಿಜನ್, ನಿದ್ದೆ ಎಲ್ಲದರ ಚಿತ್ರ ಇತ್ತು. ಅಪ್ಪನಿಗೆ ಭಾರಿ ಖುಷಿ. ಬೆಳಗ್ಗೆ ಕಾಫಿ ಕುಡಿದು ಜಗಲಿ ಮೇಲೆ ಕೂತು ಗುಂಡಿ ಒತ್ತುವರು. 118/76. ಮಾರನೇ ದಿನ 121/79. ‘ನಾರ್ಮಲ್ ಇದೆ ಕಣಮ್ಮ’ ಅನ್ನುವರು. ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಹೋಗಿ ಬಿಪಿ ನೋಡಿಸಿಕೊಂಡು ಬರುತ್ತಿದ್ದವರು ಅದನ್ನು ನಿಲ್ಲಿಸಿಬಿಟ್ಟರು. ನಾನೂ ಏನೂ ಹೇಳಲಿಲ್ಲ. ಕೈಮೇಲೇ ಇದೆಯಲ್ಲ ಅಂದುಕೊಂಡೆ.

ಆರು ತಿಂಗಳ ಮೇಲೆ ಹಲ್ಲು ನೋವು ಅಂತ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಲ್ಲು ಕೀಳುವ ಮುಂಚೆ ಬಿಪಿ ನೋಡಿದರು. 172/104. ಹತ್ತು ನಿಮಿಷ ಕೂರಿಸಿ ಇನ್ನೊಂದು ಸಲ ನೋಡಿದರು, ಹೆಚ್ಚು ಕಡಿಮೆ ಅಷ್ಟೇ. ‘ಇವತ್ತು ಹಲ್ಲು ಮುಟ್ಟಲ್ಲ, ಮೊದಲು ಇದನ್ನು ತೋರಿಸಿ’ ಅಂದರು. ಅದೇ ಹೊತ್ತಲ್ಲಿ ಅಪ್ಪ ಎಡಗೈ ವಾಚನ್ನು ಒತ್ತಿ ನೋಡಿದರು. 120/78.

ಮನೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಅಡುಗೆಮನೆ ಬುಟ್ಟಿಯಲ್ಲಿ ನಂಜನಗೂಡು ರಸಬಾಳೆ ಇತ್ತು. ವಾಚ್ ಬಿಚ್ಚಿ ಒಂದು ಹಣ್ಣಿಗೆ ಬಿಗಿಯಾಗಿ ಕಟ್ಟಿದೆ. ಹಸಿರು ದೀಪ ಮಿಣುಕಿತು. ಅರ್ಧ ನಿಮಿಷ ಆದ ಮೇಲೆ ಬಾಳೆಹಣ್ಣಿನ ಹೃದಯ ಬಡಿತ 72, ಬಿಪಿ 117/75. ಅಪ್ಪ ಆ ಹಣ್ಣನ್ನೇ ನೋಡುತ್ತಾ ಕೂತರು. ಒಂದು ಮಾತೂ ಆಡಲಿಲ್ಲ. ಆಮೇಲೆ ಬಿಪಿ ನೋಡುವ ಡಾಕ್ಟರು ಮಾತ್ರೆ ಬದಲಾಯಿಸಿದರು, ಒಂದೂವರೆ ತಿಂಗಳಲ್ಲಿ ಬಿಪಿ ಹತೋಟಿಗೆ ಬಂತು. ಆದರೆ ಆ ಆರು ತಿಂಗಳು ನೆನಪಾದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಹೀಗಾಗುವುದು ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ವಾಚಿನ ಹಿಂದಿನ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಒಂದೊಂದು ಬಡಿತಕ್ಕೂ ರಕ್ತ ಹೆಚ್ಚಾಗಿ ಕಡಿಮೆಯಾಗುವುದರಿಂದ ವಾಪಸ್ ಬರುವ ಬೆಳಕೂ ಏರಿಳಿಯುತ್ತದೆ. ಆ ಏರಿಳಿತ ಎಣಿಸಿದರೆ ನಾಡಿ ಬಡಿತ ಸಿಗುತ್ತದೆ. ಒಳ್ಳೇ ವಾಚಲ್ಲಿ, ಪಟ್ಟಿ ಸರಿಯಾಗಿ ಕಟ್ಟಿದ್ದರೆ, ಈ ಲೆಕ್ಕ ಚೆನ್ನಾಗಿಯೇ ಇರುತ್ತದೆ. ಆದರೆ ಬಿಪಿ ಅಂದರೆ ಒತ್ತಡ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ರಕ್ತದ ಹರಿವನ್ನು ತಡೆದು, ನಿಧಾನಕ್ಕೆ ಬಿಟ್ಟು ನೋಡಿದರೆ ಒತ್ತಡ ತಿಳಿಯುತ್ತದೆ. ಬರೀ ಬೆಳಕಿನಿಂದ ಅದನ್ನು ಅಂದಾಜು ಮಾತ್ರ ಮಾಡಬಹುದು. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚಲ್ಲಿ ಬಿಪಿ ಸೌಲಭ್ಯ ಇದೆ, ಆದರೆ ಅದಕ್ಕೂ ಪ್ರತಿ 28 ದಿನಕ್ಕೊಮ್ಮೆ ತೋಳಿನ ಮಷೀನಲ್ಲಿ ಅಳೆದು ಆ ಸಂಖ್ಯೆಯನ್ನು ತುಂಬಿಸಬೇಕು. ಆಪಲ್ 2025ರಲ್ಲಿ ಬಿಪಿ ಎಚ್ಚರಿಕೆ ತಂದಿತು. ಅದು ಸಂಖ್ಯೆಯನ್ನೇ ಕೊಡುವುದಿಲ್ಲ. 30 ದಿನದ ಅಳತೆ ನೋಡಿ, ಹೆಚ್ಚಿರಬಹುದು ಅನ್ನಿಸಿದರೆ ಮಷೀನಲ್ಲಿ ಪರೀಕ್ಷಿಸಿಕೊಳ್ಳಿ ಅನ್ನುತ್ತದೆ. ಅಷ್ಟು ದೊಡ್ಡ ಕಂಪನಿಗಳೇ ಇಷ್ಟು ಹುಷಾರಾಗಿರುವಾಗ ಎರಡು ಸಾವಿರದ ವಾಚ್ ಗುಂಡಿ ಒತ್ತಿದ ತಕ್ಷಣ ತೋರಿಸುವುದನ್ನು ಹೇಗೆ ನಂಬುವುದು?

ಸಕ್ಕರೆ ಕಾಯಿಲೆಗೂ ಇದೇ ಮಾತು. ಚುಚ್ಚದೇ ಶುಗರ್ ತೋರಿಸುತ್ತೇವೆ ಅಂತ ಮಾರುವ ವಾಚುಗಳನ್ನು ನಂಬಬೇಡಿ ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಅಂಥ ಒಂದು ವಾಚಿಗೂ ಅದು ಒಪ್ಪಿಗೆ ಕೊಟ್ಟಿರಲಿಲ್ಲ. ಇಸಿಜಿ ಇರುವ ದುಬಾರಿ ವಾಚ್ ಕೂಡ ಹೃದಯಾಘಾತವನ್ನು ಹಿಡಿಯುವುದಿಲ್ಲ. ಎದೆ ನೋವು ಬಂದರೆ ವಾಚ್ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಅದಕ್ಕೇ ನಿಮ್ಮ ಅಪ್ಪನಿಗೆ ವಾಚ್ ಬೇಡ. ಆ ಎರಡು ಸಾವಿರಕ್ಕೆ ತೋಳಿಗೆ ಕಟ್ಟುವ ಬಿಪಿ ಮಷೀನ್ ತನ್ನಿ. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿನದೇ ತನ್ನಿ. ಪಟ್ಟಿ ಅವರ ತೋಳಿಗೆ ಸರಿಹೊಂದುತ್ತಾ ನೋಡಿಕೊಳ್ಳಿ. ಬಿಗಿಯಾದರೂ ಸಡಿಲವಾದರೂ ತಪ್ಪು ತೋರಿಸುತ್ತದೆ. ಇದಕ್ಕೆ ದಸರಾವರೆಗೆ ಕಾಯಬೇಡಿ.

ಇನ್ನು ನಿಮ್ಮ ವಾಚಿಗೆ ಬರೋಣ.

ಕಾಯುವುದರಲ್ಲಿ ಅರ್ಥ ಇದೆಯಾ ಅನ್ನುವುದು ನೀವು ಯಾವ ಬೆಲೆಯ ವಾಚ್ ನೋಡುತ್ತಿದ್ದೀರಿ ಅನ್ನುವುದರ ಮೇಲಿದೆ. ಮೂರು ಸಾವಿರದ ಒಳಗಿನದಾದರೆ ಕಾಯಬೇಡಿ. ಅಲ್ಲಿ ಹೊಸ ಮಾಡೆಲ್ ಬರುತ್ತಲೇ ಇರುತ್ತದೆ. ಎಂಆರ್‌ಪಿ 7,999 ಅಂತ ಬರೆದು ಅದಕ್ಕೆ ಗೀಟು ಹಾಕಿ 1,799 ಅಂತ ತೋರಿಸುವುದು ವರ್ಷವಿಡೀ ನಡೆಯುತ್ತದೆ. ದಸರಾದಲ್ಲಿ ಇನ್ನೂರು ರೂಪಾಯಿ ಇಳಿದರೆ ಅದೇ ಹೆಚ್ಚು.

ಹತ್ತು ಸಾವಿರದ ಮೇಲಿನ ಮಾತು ಬೇರೆ. ಅಲ್ಲಿ ಹೊಸದು ಬರುವ ಹೊತ್ತು ಮೊದಲೇ ಗೊತ್ತಿರುತ್ತದೆ. ಸ್ಯಾಮ್‌ಸಂಗ್ 2024, 2025 ಎರಡೂ ವರ್ಷ ಜುಲೈನಲ್ಲೇ ಹೊಸ ವಾಚ್ ತಂದಿತು. ಆಪಲ್‌ಗೆ ಸೆಪ್ಟೆಂಬರ್, ಆದರೆ ಅದು ಐಫೋನ್ ಇಲ್ಲದೆ ನಡೆಯುವುದಿಲ್ಲ, ಹಾಗಾಗಿ ನಿಮಗೆ ಅದರ ಚಿಂತೆ ಬೇಡ. ಹೊಸದು ಬಂದ ಮೇಲೆ ಹಿಂದಿನ ವರ್ಷದ್ದು, ಅದರ ಹಿಂದಿನದ್ದು ಇಳಿಯುತ್ತವೆ. ಆನ್‌ಲೈನ್ ದೊಡ್ಡ ಸೇಲ್‌ಗಳು ದಸರಾ ಆಸುಪಾಸಿಗೇ ಬೀಳುತ್ತವೆ. ಈಗ ಆಷಾಢ. ಇನ್ನು ಎರಡು ಎರಡೂವರೆ ತಿಂಗಳು, ಅಲ್ವಾ? ನಿಮ್ಮ ಹನ್ನೆರಡು ಸಾವಿರಕ್ಕೆ ಈಗ ಸಿಗುವುದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಆಗ ಸಿಗುವ ಸಾಧ್ಯತೆ ಜಾಸ್ತಿ. ನಾನಾಗಿದ್ದರೆ ಕಾಯುತ್ತಿದ್ದೆ.

ಆದರೆ ದಸರಾ ದಾಟಿ ಕಾಯಬೇಡಿ. ನಾನು ಒಂದು ಸಲ ಹನ್ನೊಂದು ತಿಂಗಳು ಕಾದೆ. ದಸರಾ ಹೊತ್ತಿಗೆ ‘ಹೊಸ ವರ್ಷಕ್ಕೆ ಇನ್ನೂ ಒಳ್ಳೇದು ಬರುತ್ತೆ’ ಅಂದರು ಆಫೀಸಿನವರು. ಯುಗಾದಿಗೆ ‘ಜುಲೈವರೆಗೆ ನೋಡು’ ಅಂದರು. ಕೈಯಲ್ಲಿ ವಾಚ್ ಇಲ್ಲ, ಲೆಕ್ಕ ಇಲ್ಲ ಅಂತ ಕುಕ್ಕರಹಳ್ಳಿ ಕೆರೆ ಸುತ್ತುವುದೂ ವಾರಕ್ಕೆ ಐದು ದಿನದಿಂದ ಎರಡಕ್ಕೆ ಇಳಿಯಿತು, ಆಮೇಲೆ ನಿಂತೇ ಹೋಯಿತು. ವಾಚ್ ಸಿಕ್ಕ ಮೇಲೂ ಮತ್ತೆ ಐದು ದಿನಕ್ಕೆ ಬರಲು ಬಹಳ ಕಷ್ಟವಾಯಿತು. ನೀವು ವಾಕಿಂಗ್ ಮಾತ್ರ ಬಿಡಬೇಡಿ. ಫೋನ್ ಜೇಬಲ್ಲಿಟ್ಟುಕೊಂಡು ನಡೆದರೆ ಅದೂ ಹೆಜ್ಜೆ ಎಣಿಸುತ್ತದೆ. ಎರಡು ತಿಂಗಳಿಗೆ ಅದು ಸಾಕು.

ಹಳೇ ಮಾಡೆಲ್ ಅಗ್ಗಕ್ಕೆ ಬಂತು ಅಂತ ಕಣ್ಣು ಮುಚ್ಚಿ ತಗೊಳ್ಳುವುದೂ ಬೇಡ. ಬಂದ ವರ್ಷ ನೋಡಿ. ಸ್ಯಾಮ್‌ಸಂಗ್ 2021ರ ಗ್ಯಾಲಕ್ಸಿ ವಾಚ್ 4ಕ್ಕೆ ನಾಲ್ಕು ವರ್ಷದ ಸಾಫ್ಟ್‌ವೇರ್ ಅಪ್‌ಡೇಟ್ ಮಾತು ಕೊಟ್ಟಿತ್ತು. ಆ ಲೆಕ್ಕ ವಾಚ್ ಮಾರುಕಟ್ಟೆಗೆ ಬಂದ ದಿನದಿಂದ ಶುರು, ನೀವು ತಗೊಂಡ ದಿನದಿಂದ ಅಲ್ಲ. ಹಾಗಾಗಿ ಒಂದು ವರ್ಷ ಹಳೆಯದು ಒಳ್ಳೇ ವ್ಯಾಪಾರ, ಮೂರು ವರ್ಷ ಹಳೆಯದು ಬೇಡ ಅನ್ನುತ್ತೇನೆ. ಕಂಪನಿ ಕೈಬಿಟ್ಟರೆ ವಾಚ್ ಏನಾಗುತ್ತದೆ ಅನ್ನುವುದಕ್ಕೆ ಪೆಬಲ್ ಇದೆ. 2012ರಲ್ಲಿ ಜನರೇ ಮುಂಗಡ ದುಡ್ಡು ಹಾಕಿ ಬೆಳೆಸಿದ ವಾಚ್ ಅದು. 2016ರಲ್ಲಿ ಫಿಟ್‌ಬಿಟ್ ಅನ್ನುವ ಇನ್ನೊಂದು ಕಂಪನಿ ಕೈಗೆ ಹೋಯಿತು, 2018ರ ಜೂನಲ್ಲಿ ಸರ್ವರ್ ನಿಲ್ಲಿಸಿದರು. ಗಟ್ಟಿಮುಟ್ಟಾಗಿದ್ದ ವಾಚುಗಳಲ್ಲೂ ಎಷ್ಟೋ ಸೌಲಭ್ಯ ಒಂದೇ ದಿನ ನಿಂತು ಹೋಯಿತು.

ನಿಮ್ಮ ಫೋನ್ ಯಾವ ಕಂಪನಿಯದು ಅಂತ ಬರೆದಿಲ್ಲ. ಗ್ಯಾಲಕ್ಸಿ ವಾಚ್ ಯಾವ ಆಂಡ್ರಾಯ್ಡ್ ಫೋನಿಗೂ ಸೇರುತ್ತದೆ ಅನ್ನುತ್ತಾರೆ ಅಂಗಡಿಯವರು. ನಿಜ, ಆದರೆ ಅದರ ಇಸಿಜಿ, ಬಿಪಿ ಎರಡೂ ಸ್ಯಾಮ್‌ಸಂಗ್ ಫೋನ್ ಇದ್ದರೆ ಮಾತ್ರ. ಬೇರೆ ಫೋನ್ ಇಟ್ಟುಕೊಂಡು ಆ ಸೌಲಭ್ಯಕ್ಕೆ ದುಡ್ಡು ಕೊಡುವುದು ವ್ಯರ್ಥ.

ಚಾರ್ಜಿನ ವಿಷಯವನ್ನೂ ಯೋಚಿಸಿ. ಗ್ಯಾಲಕ್ಸಿಯಂಥ, ಆಪ್ ಹಾಕಿಕೊಳ್ಳಬಹುದಾದ ವಾಚುಗಳು ಒಂದೂವರೆ ಎರಡು ದಿನ ಬರುತ್ತವೆ, ಅಷ್ಟೇ. ನಿಮ್ಮ ಹಳೇ ಬ್ಯಾಂಡ್ ವಾರಗಟ್ಟಲೆ ಬರುತ್ತಿದ್ದಿರಬೇಕು. ನಾನು ಬೆಳಗ್ಗೆ ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಹಾಕುತ್ತೇನೆ, ತಿಂಡಿ ಮುಗಿಸುವಷ್ಟರಲ್ಲಿ ಸಾಕಷ್ಟು ತುಂಬಿರುತ್ತದೆ. ಅದು ಅಭ್ಯಾಸ ಆಗದು ಅನ್ನಿಸಿದರೆ ಆಪ್ ಹಾಕಲು ಬಾರದ, ವಾರ ಬರುವ ವಾಚೇ ನಿಮಗೆ ಸರಿ. ಆಗ ಐದು ಸಾವಿರಕ್ಕೇ ಮುಗಿಯುತ್ತದೆ, ಕಾಯುವ ಮಾತೂ ಇಲ್ಲ. ಫೋನ್ ಮನೆಯಲ್ಲಿ ಬಿಟ್ಟು ನಾಲೆ ಏರಿ ಮೇಲೆ ನಡೆಯುವುದಾದರೆ ವಾಚಲ್ಲೇ ಜಿಪಿಎಸ್ ಇದೆಯಾ ಕೇಳಿ. ಅಗ್ಗದ ಎಷ್ಟೋ ವಾಚುಗಳು ಫೋನಿನ ಜಿಪಿಎಸ್ ಎರವಲು ಪಡೆದು ದೂರ ತೋರಿಸುತ್ತವೆ. ಹೆಜ್ಜೆ ಲೆಕ್ಕವೂ ಅವುಗಳಲ್ಲಿ ಅಷ್ಟಕ್ಕಷ್ಟೇ. ಅಪ್ಪ ಬಿಚ್ಚಿಟ್ಟ ಆ ವಾಚನ್ನು ಅಮ್ಮ ಕಟ್ಟಿಕೊಂಡು ಮುದ್ದೆ ತೊಳಸಿದರೆ ನಿಂತಲ್ಲೇ ಹೆಜ್ಜೆ ಏರುತ್ತಿತ್ತು.

ಸೇಲಲ್ಲಿ ಆನ್‌ಲೈನೇ ತಗೊಳ್ಳಿ, ಆದರೆ ಮುಂಚೆ ಒಂದು ದಿನ ಅಂಗಡಿಗೆ ಹೋಗಿ ಕೈಗೆ ಕಟ್ಟಿ ನೋಡಿ. ಮಂಡ್ಯದಲ್ಲಿ ಸಿಗದಿದ್ದರೆ ಮೈಸೂರಿಗೆ ಬಂದಾಗ ದೇವರಾಜ ಅರಸು ರಸ್ತೆಯಲ್ಲಿ ನೋಡಬಹುದು. ಡಯಲ್ ದೊಡ್ಡದಾಗಿ ಕೈಮೂಳೆ ಒತ್ತುತ್ತಾ, ಬಿಸಿಲಿಗೆ ಬಂದು ನಿಂತರೆ ಅಕ್ಷರ ಕಾಣುತ್ತಾ ನೋಡಿ. ನಿಮ್ಮ ಫೋನಿಗೆ ಜೋಡಿಸಲು ಬಿಟ್ಟರೆ ಮನೆಯಿಂದ ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಲು ಹೇಳಿ. ಎಷ್ಟೋ ವಾಚಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಬರೀ ಚೌಕ ಚೌಕ ಬರುತ್ತದೆ. ನಮ್ಮಮ್ಮ ಕನ್ನಡ ಬಿಟ್ಟು ಬೇರೆ ಬರೆಯುವುದಿಲ್ಲ. ಮೊದಲ ವಾಚಲ್ಲಿ ಅಮ್ಮನ ಮೆಸೇಜ್ ಒಂದೂ ಓದಲು ಆಗುತ್ತಿರಲಿಲ್ಲ, ಪ್ರತಿ ಸಲ ಫೋನ್ ತೆಗೆಯಬೇಕಿತ್ತು. ನಮ್ಮ ಮೈಸೂರಿನ ದೊಡ್ಡ ಗಡಿಯಾರದ ಮೇಲೆ 1927ರಲ್ಲೇ ಕನ್ನಡ ಅಂಕಿ ಕೂರಿಸಿದ್ದಾರೆ. ಈಗ ಮಾಡಿದ ವಾಚಿಗೆ ಕನ್ನಡ ಬರುವುದಿಲ್ಲ ಅಂದರೆ ನಾನಂತೂ ದುಡ್ಡು ಕೊಡುವುದಿಲ್ಲ.

ರಿಪೇರಿ ಎಲ್ಲಿ ಅಂತಲೂ ಮೊದಲೇ ಕೇಳಿ. ನನ್ನ ಮೊದಲ ವಾಚಿನ ಚಾರ್ಜರ್ ಟ್ರೈನಲ್ಲಿ ಕಳೆದುಹೋಯಿತು. ಆ ಕಂಪನಿಯವರು ಆ ಮಾಡೆಲ್ಲೇ ನಿಲ್ಲಿಸಿದ್ದೇವೆ ಅಂದರು. ಬೇರೆ ಯಾವ ಚಾರ್ಜರೂ ಅದಕ್ಕೆ ಕೂರಲಿಲ್ಲ. ಚೆನ್ನಾಗಿದ್ದ ವಾಚ್ ಮೂಲೆ ಸೇರಿತು.

ಬಿಪಿ ಮಷೀನ್ ತಂದ ಮೇಲೆ ಅಪ್ಪನಿಗೆ ಅಳೆಯುವ ರೀತಿ ಹೇಳಿಕೊಡಿ. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ ಬೇಡ, ಬೀಡಿ ಸಿಗರೇಟಂತೂ ಬೇಡವೇ ಬೇಡ. ಐದು ನಿಮಿಷ ಸುಮ್ನೆ ಕುರ್ಚಿಗೆ ಒರಗಿ ಕೂರಲಿ. ಕಾಲ ಮೇಲೆ ಕಾಲು ಬೇಡ. ಕೈ ಮೇಜಿನ ಮೇಲೆ, ಎದೆ ಮಟ್ಟಕ್ಕೆ. ಪಟ್ಟಿ ಅಂಗಿ ಮೇಲೆ ಸುತ್ತಬಾರದು, ಬರೀ ತೋಳಿಗೆ ಸುತ್ತಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎರಡನ್ನೂ ಬರೆದಿಡಿ. ಮನೆಯಲ್ಲಿ 135/85 ದಾಟುತ್ತಲೇ ಇದ್ದರೆ ಡಾಕ್ಟರಿಗೆ ಹೇಳಿ. ಕಡಿಮೆ ಬಂತು ಅಂತ ಮಾತ್ರೆಯನ್ನು ತಾವೇ ಬಿಡುವುದು ಬೇಡ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಷೀನನ್ನೂ ಒಯ್ದು ಅವರದಕ್ಕೂ ಇದಕ್ಕೂ ತಾಳೆ ನೋಡಿಸಿ.

ನಮ್ಮಪ್ಪ ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಪೆನ್ಸಿಲಲ್ಲಿ ಬರೆಯುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ. ತಿಂಗಳು ಮುಗಿದ ಮೇಲೆ ಆ ಹಾಳೆಯನ್ನೇ ಮಡಚಿ ಜೇಬಲ್ಲಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗುತ್ತಾರೆ. ಇವತ್ತು ಬೆಳಗ್ಗೆ ಬರೆದದ್ದು 132/82. ನಿಮ್ಮ ಫೋನ್ ಯಾವುದು ಅಂತ ತಿಳಿಸಿ, ಅದಕ್ಕೆ ಯಾವ ವಾಚ್ ಹೊಂದುತ್ತದೆ ನೋಡಿ ಹೇಳುತ್ತೇನೆ.