ವಿಡಾಲ್ 1:160 ಬಂದಿದೆ, ಮಾತ್ರೆ ಸಾಕಾ ಇಂಜೆಕ್ಷನ್ ಬೇಕಾ?

ಆರು ದಿನದ ಜ್ವರ, ಕೈಯಲ್ಲೊಂದು ವಿಡಾಲ್ (ಟೈಫಾಯ್ಡ್ ಪತ್ತೆಗೆ ಮಾಡೋ ರಕ್ತಪರೀಕ್ಷೆ) ರಿಪೋರ್ಟು, ಚಿಕಿತ್ಸೆ ಯಾವುದು ಅನ್ನೋದು ನಿಮ್ಮ ಪ್ರಶ್ನೆ. ವಿಜಯನಗರದ ಪೀಜಿಯಲ್ಲಿ ನಾನೂ ಇದೇ ಚೀಟಿ ಹಿಡಿದು ಕೂತಿದ್ದೆ. ಜ್ವರ ದಿನಕ್ಕೊಂದು ಮೆಟ್ಟಿಲು ಹತ್ತಿತ್ತು: ಮೊದಲ ಸಂಜೆ 100, ಐದನೇ ಸಂಜೆ 103.5. ತಲೆನೋವು, ಮಲಬದ್ಧತೆ, ನಾಲಿಗೆ ನಡುವೆ ಸುಣ್ಣ ಬಳಿದಂಥ ಪದರ, ಅಂಚು ಮಾತ್ರ ಕೆಂಪು.

ನಾನು ಕೆಡಿಸಿಕೊಂಡದ್ದು ಎರಡನೇ ದಿನ. ಮೆಡಿಕಲ್ ಶಾಪಿನಲ್ಲಿ ಅಜಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ 500ರ ಮೂರು ಮಾತ್ರೆ ಕೇಳಿ ತಂದು ನುಂಗಿದೆ. ಆರನೇ ದಿನ ಡಾಕ್ಟರು ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿರೋ ರೋಗಾಣುವನ್ನು ಬಾಟಲಿಯಲ್ಲಿ ಬೆಳೆಸಿ ನೋಡೋ ಪರೀಕ್ಷೆ) ಕಳಿಸಿದರು; ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಯಾಕೆ ಗೊತ್ತಾ? ಟೈಫಾಯ್ಡಿನಲ್ಲಿ ಒಂದು ಎಂಎಲ್ ರಕ್ತಕ್ಕೆ ಅದರ ರೋಗಾಣು ಸಾಲ್ಮೊನೆಲ್ಲಾ ಟೈಫಿ ಸಿಗುವುದೇ ಒಂದೋ, ಅದಕ್ಕೂ ಕಮ್ಮಿಯೋ. ಅದಕ್ಕೇ ದೊಡ್ಡವರಿಂದ ಬಾಟಲಿಗೆ 8-10 ಎಂಎಲ್ ತೆಗೆಯುತ್ತಾರೆ. ಅರೆಬರೆ ಔಷಧ ರಕ್ತದಲ್ಲಿದ್ದ ಆ ನಾಲ್ಕಾರನ್ನು ಸಾಯಿಸುತ್ತೆ. ಮೂಳೆಮಜ್ಜೆ, ಗುಲ್ಮ, ಯಕೃತ್ತಿನ ಕೋಶಗಳೊಳಗೆ ಅಡಗಿದವು ಹಾಗೇ ಉಳಿಯುತ್ತವೆ. ಕಾಯಿಲೆ ಇದೆ, ಸಾಕ್ಷಿ ಇಲ್ಲ. ರೋಗಾಣು ಯಾವ ಔಷಧಕ್ಕೆ ಬಗ್ಗುತ್ತೆ ಅನ್ನೋ ಪಟ್ಟಿಯೂ ಕೈತಪ್ಪಿತು, ಡಾಕ್ಟರು ಅಂದಾಜಿನಲ್ಲೇ ಚಿಕಿತ್ಸೆ ಕೊಡಬೇಕಾಯ್ತು.

ನಿಮ್ಮ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿದೆ. ಟೈಫಾಯ್ಡ್ ಹೌದಾ ಅನ್ನೋದೇ ಇನ್ನೂ ತೀರ್ಮಾನವಾಗಿಲ್ಲ. ವಿಡಾಲ್ 1896ರ ಪರೀಕ್ಷೆ; ಅದು ನೋಡೋದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಳ್ಳೋ ಪ್ರತಿಕಾಯವನ್ನು. 1:160 ಅಂದರೆ ರಕ್ತದ ಸೀರಮ್ಮನ್ನು 160 ಪಟ್ಟು ತೆಳು ಮಾಡಿದರೂ ಅದು ಕಾಣುತ್ತೆ ಅಂತ. ಹಳೇ ಸೋಂಕು, ಮಲೇರಿಯಾ, ಬೇರೆ ಜ್ವರಗಳಲ್ಲೂ ಏರುತ್ತೆ. ಒಂದೇ ಸಲದ ಅಂಕಿಗೆ ನಾನಂತೂ ಬೆಲೆ ಕೊಡಲ್ಲ. ಬೆಂಗಳೂರಿನ ಮಳೆಗಾಲ ಅಂದರೆ ಡೆಂಗ್ಯೂನೂ ನೋಡಿಸಿ. ಐದು ದಿನ ದಾಟಿದ್ದರೆ ಡೆಂಗ್ಯೂ ವೈರಸ್ಸಿನ ಅಂಶ ಹುಡುಕೋ ಎನ್‌ಎಸ್1 ಒಂದನ್ನೇ ನಂಬಬೇಡಿ, ಪ್ರತಿಕಾಯ ನೋಡೋ ಐಜಿಎಂ ಕೂಡ ಮಾಡಿಸಿ.

ಟೈಫಾಯ್ಡೇ ಆದರೆ, ಊಟ ಸೇರುವ, ವಾಂತಿಯಿಲ್ಲದ ರೋಗಿಗೆ ಸಾಮಾನ್ಯವಾಗಿ ಮಾತ್ರೆ ಸಾಕು: ಅಜಿಥ್ರೋಮೈಸಿನ್ ಏಳು ದಿನ. ಸುಸ್ತು ಜೋರಾಗಿದ್ದು ಏನೂ ಒಳಗೆ ನಿಲ್ಲದಿದ್ದರೆ ನರದ ಮೂಲಕ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ದಿನಕ್ಕೆ 2 ಗ್ರಾಂ, 10-14 ದಿನ. ಸಿಪ್ರೋಫ್ಲಾಕ್ಸಾಸಿನ್ ನಮ್ಮಲ್ಲಿ ಬಹುತೇಕ ಕೆಲಸ ಮಾಡಲ್ಲ, ಯಾರಾದರೂ ಮೆಡಿಕಲ್‌ನಲ್ಲಿ ಕೈಗಿಟ್ಟರೆ ವಾಪಸ್ ಕೊಡಿ. ಸರಿಯಾದ ಔಷಧ ಬಿದ್ದರೂ ಜ್ವರ ಇಳಿಯೋಕೆ ನಾಲ್ಕೈದು ದಿನ ಬೇಕು. ಮೂರನೇ ದಿನವೇ ಡಾಕ್ಟರನ್ನು ಬದಲಾಯಿಸೋರು ಇಲ್ಲೇ ಎಡವುತ್ತಾರೆ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ಎರಡು ಮೂರು ವಾರದಲ್ಲಿ ಮರುಕಳಿಸಬಹುದು.

ಮಲಬದ್ಧತೆಗೆ ಭೇದಿ ಮಾತ್ರೆ, ಎನಿಮಾ ಬೇಡ, ಕರುಳಿನ ಗೋಡೆ ಹುಣ್ಣಾಗಿರುತ್ತೆ. ಮೂರನೇ ವಾರದ ಹೊತ್ತಿಗೆ ಅದು ತೂತಾಗಬಹುದು, ಇಲ್ಲವೇ ರಕ್ತ ಒಸರಬಹುದು: ದಿಢೀರ್ ಹೊಟ್ಟೆನೋವು, ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಕಪ್ಪು ಮಲ ಕಂಡರೆ ನೇರ ಎಮರ್ಜೆನ್ಸಿಗೆ. ಉಪವಾಸ ಇರಬೇಡಿ, ರಾಗಿ ಗಂಜಿ, ಮೊಸರನ್ನ ಧಾರಾಳವಾಗಿ ತಿನ್ನಿ.

ಇವತ್ತಿನವರೆಗೆ ಆಂಟಿಬಯಾಟಿಕ್ ಮುಟ್ಟಿಲ್ಲದಿದ್ದರೆ ಮೊದಲು ಕಲ್ಚರ್‌ಗೆ ರಕ್ತ ಕೊಡಿ, ಆಮೇಲೆ ಮಾತ್ರೆ. ಆಗಲೇ ನುಂಗಿದ್ದರೆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೇ ಡಾಕ್ಟರ ಮೇಜಿನ ಮೇಲಿಡಿ. ನಾನು ಅದನ್ನು ಪೀಜಿಯ ಕಸದಬುಟ್ಟಿಗೆ ಹಾಕಿ, "ಏನೂ ತಗೊಂಡಿಲ್ಲ ಸಾರ್" ಅಂದಿದ್ದೆ.